ಹಾರಕ್ಕೆ ಸಿಗದ ಕತ್ತು

ಊರಿಗೆ ಮೆಟ್ರೋದಂತೆ ಕಂಬಗಳ ಮೇಲೆ ಓಡುವ ಲೈಟ್ ರೈಲು ತರಬೇಕೆಂದು ಶಾಸಕರಿಗೂ ಆಸೆ, ಮೇಯರಿಗೂ ಆಸೆ. ಖರ್ಚು ಮಾತ್ರ ಪಾಲಿಕೆಯದು ಎಂದು ಶಾಸಕರು, ಸರ್ಕಾರದ್ದು ಎಂದು ಮೇಯರು ವರ್ಷದಿಂದ ಕಿತ್ತಾಡುತ್ತಿದ್ದರು. ಒಂದು ಬೆಳಿಗ್ಗೆ ಇಬ್ಬರೂ ಪತ್ರಕರ್ತರನ್ನೂ ಒಬ್ಬ ಪೊಲೀಸಿನವನನ್ನೂ ಕಟ್ಟಿಕೊಂಡು ಬಂದು, ಮಾರ್ಕೆಟ್ ಸರ್ಕಲ್ಲಿನಲ್ಲಿ ಹೂ ಮಾರುವ ಪುಟ್ಟನಂಜಮ್ಮನ ಮುಂದೆ ನಿಂತರು.

"ಇಲ್ಲೇ ರೈಲಿನ ಕಂಬ ಬರೋದು. ಸಂಜೆಯೊಳಗೆ ಜಾಗ ಖಾಲಿ ಮಾಡಮ್ಮ," ಎಂದರು ಶಾಸಕರು.

"ಸಂಜೆ ಯಾಕೆ, ಈಗಲೇ ಮಾಡು," ಎಂದರು ಮೇಯರು, ತಾವೇನು ಕಮ್ಮಿ ಎಂಬಂತೆ.

ಅತ್ತೆಯ ಕಾಲದಿಂದ ಕೂತ ಜಾಗ. ಅದು ಹೋದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಆದರೂ ಪುಟ್ಟನಂಜಮ್ಮ ಗೊಣಗಲಿಲ್ಲ. ತೂಗುಹಾಕಿದ್ದ ಸುಗಂಧರಾಜದ ಹಾರ ಇಳಿಸಿಕೊಂಡು ಎದ್ದಳು.

"ಆಗಲಿ ಸ್ವಾಮಿ. ಆದರೆ ಬರಿಗೈಲಿ ಬಿಟ್ಟುಕೊಡಬಾರದು ನೋಡಿ. ಈ ರೈಲು ಯಾರದೋ ಅವರಿಗೇ ಹಾರ ಹಾಕಿ ಜಾಗ ಒಪ್ಪಿಸ್ತೀನಿ. ಯಜಮಾನರು ಯಾರು, ಕತ್ತು ಬಗ್ಗಿಸಿ."

ಕ್ಯಾಮೆರಾಗಳು ಮೇಲೆದ್ದವು. ಹಾರ ಕಂಡಲ್ಲೆಲ್ಲ ಕತ್ತು ಚಾಚುತ್ತಿದ್ದ ಶಾಸಕರು ಹಿಂದೆ ಸರಿದರು. ಆ ಫೋಟೋ ಪೇಪರಿನಲ್ಲಿ ಬಂದರೆ ರೈಲಿನ ಜೊತೆ ಖರ್ಚೂ ತಮ್ಮದೇ ಆಗುತ್ತದಲ್ಲ!

"ಮೇಯರಿಗೆ ಹಾಕಮ್ಮ, ಊರಿಗೇ ಪ್ರಥಮ ಪ್ರಜೆ."

"ಛೇ ಛೇ, ಶಾಸಕರು ಹಿರಿಯರು! ಅವರಿಗೇ ಸಲ್ಲಬೇಕು," ಎಂದು ಮೇಯರು ಪೊಲೀಸಿನವನ ಬೆನ್ನ ಹಿಂದೆ ಸರಿದರು.

ಪುಟ್ಟನಂಜಮ್ಮ ಹತ್ತಿರ ಹೋದಷ್ಟೂ ಅವರು ದೂರ ದೂರ. ಕೊನೆಗೆ ಶಾಸಕರಿಗೆ ಮೀಟಿಂಗು ನೆನಪಾಯಿತು, ಮೇಯರಿಗೆ ಬಾರದ ಫೋನು ಬಂತು. "ಸದ್ಯಕ್ಕೆ ಇಲ್ಲೇ ಇರಮ್ಮ," ಎಂದು ಇಬ್ಬರೂ ಒಟ್ಟಿಗೇ ಹೇಳಿ ಕಾರು ಹತ್ತಿದರು. ಆ ರೈಲಿನ ವಿಷಯದಲ್ಲಿ ಅವರು ಒಪ್ಪಿದ ಮಾತು ಅದೊಂದೇ.

ಪಕ್ಕದ ಹಣ್ಣಿನವನು ಕೇಳಿದ, "ಅಕ್ಕಾ, ಹಂಗಾದ್ರೆ ರೈಲು ಬರಲ್ವಾ?"

"ಬರ್ಲಿ ಬಿಡಪ್ಪ, ನಂಗೂ ಹತ್ತೋ ಆಸೆ ಐತೆ. ಮೊದಲು ಅದಕ್ಕೊಬ್ಬ ಅಪ್ಪ ಸಿಗಲಿ."