ರಾಣಿಯ ಮೇಲಿನ ಸ್ವರ

ಪಂಜಿನ ಬೆಳಕಿನಲ್ಲಿ ನಾಟಕವಾಡುತ್ತಿದ್ದ ಕಾಲ. ಕಂಪನಿಯ ಧಣಿ ಕೊಕ್ಕರೆ, ಮೂವತ್ತು ವರ್ಷ ರಾಣಿಯ ಪಾರ್ಟು ಹಾಡಿದ್ದ ಮಡಿವಾಳ ಹಕ್ಕಿಗೆ ಹೇಳಿತು: "ಅಮ್ಮಾ, ಜನ ಬರುವುದೇ ನಿಮ್ಮ ಆ ಮೇಲಿನ ಸ್ವರಕ್ಕೆ. ಇವತ್ತು ಅದು ಎಟುಕದಿದ್ದರೆ ನಾಳೆಯಿಂದ ಪಾರ್ಟು ಗಿಳಿಯದು."

"ಆಗಲಿ ಧಣಿ. ಗಿಳಿಗೆ ಈಗಲೇ ಬಣ್ಣ ಹಚ್ಚಿಸಿಡಿ," ಎಂದು ಹಕ್ಕಿ ರಂಗಕ್ಕೆ ಹಾರಿತು.

ಹಾಡು ಏರಿತು. ಆ ಸ್ವರದ ಹೊಸ್ತಿಲಲ್ಲಿ ಹಕ್ಕಿಯ ಕೊರಳು ಕಟ್ಟಿತು. ಅಷ್ಟರಲ್ಲಿ ಪ್ರೇಕ್ಷಕರ ಹಿಂದಿನ ಸಾಲಿನ ಚಾಪೆಯಿಂದ ಒಂದು ಮುದಿ ಕಾಗೆ ಆ ಸ್ವರವನ್ನು ಎತ್ತಿತು. ಬೆನ್ನಿಗೇ ಗುಬ್ಬಿ, ಗೊರವಂಕ, ಕೊನೆಗೆ ಇಡೀ ಚಪ್ಪರ. ಒಮ್ಮೆ ಕೊಂಡೊಯ್ದ ಸರಕನ್ನು ಗಿರಾಕಿಗಳು ಹೀಗೆ ಹೊತ್ತು ತಂದು ಒಪ್ಪಿಸಿದ್ದನ್ನು ಧಣಿ ಎಂದೂ ಕಂಡಿರಲಿಲ್ಲ. ಅದರ ಎತ್ತಿದ ಕಾಲು ಇಳಿಯಲೇ ಇಲ್ಲ.

ಗಿಳಿ ಬಣ್ಣ ಒರೆಸಿಕೊಂಡಿತು. "ಈ ಪಾರ್ಟು ನನಗೆ ಬೇಡ, ಧಣಿ. ನನಗಿರುವುದು ಒಂದೇ ಗಂಟಲು."