ಕಾರಣದ ಸಾಲು

“ಗುರುಗಳೇ, ಬಾಡಿಗೆಗೆ ಇದ್ದವರಿಗೆ ಜಾಗ ಬಿಡಿ ಎಂದು ಬರೆಯಬೇಕಾಗಿದೆ. ಅವರಿಗೆ ನೋವಾಗದ ಹಾಗೆ ಬರೆಯುವುದು ಹೇಗೆ?” ಎಂದು ಶಿಷ್ಯ ಗುರುಪಾದಯ್ಯ ಕೇಳಿದ.

ಮಠದ ಪತ್ರಗಳನ್ನೆಲ್ಲ ಬರೆಯುವವನು ಅವನೇ. ಮಠದ ಹಿಂಬದಿಯ ಮಳಿಗೆಯಲ್ಲಿ ಒಬ್ಬನ ಹಿಟ್ಟಿನ ಗಿರಣಿ ಇತ್ತು. ಅದರ ಸದ್ದಿನಿಂದ ಪೂಜೆ ಕೆಡುತ್ತದೆ, ಅವನನ್ನು ಬಿಡಿಸು ಎಂದು ಹಿರಿಯರು ಹೇಳಿದ್ದರು.

“ಇದ್ದದ್ದನ್ನು ಬರೆದರೆ ಅವನು ನೊಂದುಕೊಳ್ಳುತ್ತಾನೆ. ಗ್ರಂಥಗಳನ್ನು ಇಡಲು ಜಾಗ ಬೇಕಾಗಿದೆ ಎಂದು ಬರೆದುಬಿಡಲೇ?”

ಗುರುಗಳು ಕೂಡಲು ಸನ್ನೆ ಮಾಡಿದರು. ಆಮೇಲೆ ಒಂದು ಕಥೆ ಹೇಳಿದರು.

ಒಬ್ಬ ಕಾಳಿನ ವರ್ತಕನಿದ್ದ. ಶಿವಭಕ್ತ. ಇಷ್ಟಲಿಂಗಕ್ಕೆ ನೀರೆರೆಯದೆ ತುತ್ತು ಮುಟ್ಟಿದವನಲ್ಲ. ಅವನ ಮನೆಯ ಹಿತ್ತಲ ಕೋಣೆಯಲ್ಲಿ ಕೌದಿ ಹೊಲಿಯುವ ಒಬ್ಬ ಹೆಣ್ಣುಮಗಳು ಬಾಡಿಗೆಗೆ ಇದ್ದಳು. ಗಂಡ ತೀರಿದ್ದ. ಜೊತೆಗೆ ಕಣ್ಣು ಕಾಣದ ಅತ್ತೆ. ಆ ಮುದುಕಿಗೆ ಆ ಕೋಣೆಯ ಗೋಡೆಯೇ ಕಣ್ಣು. ಅದನ್ನು ಸವರಿಕೊಂಡು ಒಲೆಗೆ ಹೋಗುವಳು, ಬಾಗಿಲಿಗೆ ಬರುವಳು, ಬಿಸಿಲು ಕಾಯಿಸಿಕೊಂಡು ಮತ್ತೆ ಒಳಗೆ ಹೋಗುವಳು. ಯಾರ ಕೈಯೂ ಅವಳಿಗೆ ಬೇಕಾಗಿರಲಿಲ್ಲ. ಹೀಗೆ ಹನ್ನೊಂದು ವರ್ಷ ಕಳೆದವು. ಎರಡೂ ಮನೆಗಳ ನಡುವೆ ಒಂದು ಕೆಟ್ಟ ಮಾತೂ ಬಂದಿರಲಿಲ್ಲ.

ಒಂದು ಸಂತೆಯ ದಿನ ವರ್ತಕನ ಗೆಳೆಯ ಹೇಳಿದ:

“ಹನ್ನೆರಡು ವರ್ಷ ತುಂಬಿತಂದ್ರ ಮನಿ ಕುಂತವರದ ಆಗತೈತಂತ ನೋಡಪಾ. ನಿಮ್ಮ ಹಿತ್ತಲದಾಗಿನ ಅಕ್ಕಗ ಎಷ್ಟಾತು?”

ಅದು ನಿಜವೋ ಸುಳ್ಳೋ ವರ್ತಕ ಯಾರನ್ನೂ ಕೇಳಲಿಲ್ಲ. ಆದರೆ ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲ. ಅವಳು ಗೋಡೆಗೆ ಒಂದು ಮೊಳೆ ಹೊಡೆದರೆ ಬೇರು ಬಿಟ್ಟಳು ಎನಿಸುವುದು. ಮುದುಕಿ ಗೋಡೆ ಸವರಿಕೊಂಡು ನಡೆದರೆ ಅಳತೆ ಹಿಡಿಯುತ್ತಿದ್ದಾಳೆ ಎನಿಸುವುದು. ಪೂಜೆಗೆ ಕುಳಿತರೆ ಕಣ್ಣು ಅಂಗೈಯ ಲಿಂಗದ ಮೇಲೆ, ಕಿವಿ ಹಿತ್ತಲ ಕಡೆಗೆ. ಶಿವನು ಕೊಟ್ಟ ಮನೆಯನ್ನು ಶಿವನು ಕಾಯುತ್ತಾನೆ ಎಂಬ ಮಾತು ಅವನಿಗೆ ಗೊತ್ತಿತ್ತು, ನೆನಪಾಗಲಿಲ್ಲ.

ಕಡೆಗೆ ಒಂದು ನೋಟೀಸು ಬರೆಯಲು ಕುಳಿತ. ಯಾರಿಂದ, ಯಾರಿಗೆ, ಯಾವ ಕೋಣೆ, ಯಾವ ತಾರೀಖಿನೊಳಗೆ ಬಿಡಬೇಕು, ಎಲ್ಲವೂ ಸರಾಗವಾಗಿ ಬಂತು. ಕಾರಣದ ಸಾಲಿಗೆ ಬಂದಾಗ ಕೈ ನಿಂತಿತು. ನೀನು ಕೆಟ್ಟವಳು ಎಂದು ಬರೆಯೋಣವೆಂದರೆ ಅವಳು ಕೆಟ್ಟವಳಲ್ಲ. ನನಗೆ ನಿನ್ನ ಭಯ ಎಂದು ಬರೆಯೋಣವೆಂದರೆ ನಾಚಿಕೆ. ಬರೆದ, ಹರಿದ. ಮತ್ತೆ ಬರೆದ, ಮತ್ತೆ ಹರಿದ.

ಹೆಂಡತಿ ನೋಡಿ ಅಂದಳು: “ಇದ್ದದ್ದು ಇದ್ದಂಗ ಬರೀರಿ.”

“ಬರದ್ರ ಊರು ನಗತೈತಿ.”

“ನಗಲಿ. ಎಷ್ಟು ದಿನ ನಗತೈತಿ? ನಿಮ್ಮ ಸಲುವಾಗಿ ಊರು ತನ್ನ ಕೆಲಸ ಬಿಟ್ಟು ಕುಂದರತದೇನ್ರಿ?”

ಅವನು ಅವಳ ಮಾತು ಕೇಳಲಿಲ್ಲ. ಪರವೂರಿಗೆ ಕೊಟ್ಟ ಮಗಳೊಬ್ಬಳು ಅವರಿಗಿದ್ದಳು. ‘ಮಗಳು ಬಾಣಂತನಕ್ಕೆ ಬರುತ್ತಾಳೆ, ಕೋಣೆ ಬೇಕಾಗಿದೆ, ಬರುವ ತಿಂಗಳ ಕೊನೆಯೊಳಗೆ ಬಿಟ್ಟುಕೊಡಬೇಕು’ ಎಂದು ಬರೆದ. ಮಗಳು ಬಸಿರಿಯೇ ಆಗಿರಲಿಲ್ಲ. ಆದರೂ ಬರೆದು ಮುಗಿಸಿದಾಗ ಅವನಿಗೆ ಸಮಾಧಾನವಾಯಿತು. ಯಾರಿಗೂ ನೋವಿಲ್ಲ ಎಂದುಕೊಂಡ.

ತಾನೇ ಒಯ್ದು ಕೊಟ್ಟ. ಯಾಕೆ ಎಂದು ಕೇಳಿಯಾಳು, ಇನ್ನಷ್ಟು ದಿನ ಬೇಡಿಯಾಳು, ಅತ್ತಾಳು. ಎಲ್ಲಕ್ಕೂ ಅವನು ಒಂದೊಂದು ಮಾತು ಕೂಡಿಸಿಕೊಂಡು ಹೋಗಿದ್ದ. ಅವಳು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಓದಿ ಕಾಗದವನ್ನು ಕಣ್ಣಿಗೆ ಒತ್ತಿಕೊಂಡಳು.

“ಶಿವ ಛಲೋ ಮಾಡ್ಲಿ, ಅಣ್ಣಾರ. ಅಷ್ಟು ದಿನ ಯಾಕ್ರಿ? ಬಾಣಂತಿ ಕೋಣಿ ಅಂದ್ರ ಗೋಡಿಗೆ ಸುಣ್ಣಾ ಹಚ್ಚಬೇಕು, ಅದು ಆರಬೇಕು. ನಾವು ಈ ಸೋಮವಾರನ ಬಿಡತೇವಿ.”

ಸೋಮವಾರ ಬಿಟ್ಟಳು. ಅವಸರದಲ್ಲಿ ಸಿಕ್ಕಿದ್ದು ಒಂದು ಅಟ್ಟದ ಕೋಣೆ. ಕಡಿದಾದ ಮೆಟ್ಟಿಲು.

ವರ್ತಕನ ಹಳೆಯ ಭಯ ಹೋಯಿತು, ಹೊಸದು ಬಂತು. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವಳು, “ಮಗಳು ಬಂದ್ಲೇನ್ರಿ?” ಎಂದು ಕೇಳುವಳು. “ಇನ್ನೂ ಇಲ್ಲವಾ” ಎನ್ನುವನು. ಅವಳು ಬರುವ ಓಣಿ ಬಿಟ್ಟು ಬೇರೆ ಓಣಿಯಲ್ಲಿ ನಡೆಯತೊಡಗಿದ. ಮೊದಲು ಮನೆಯಲ್ಲಿ ಇದ್ದವಳಿಗೆ ಹೆದರುತ್ತಿದ್ದ, ಈಗ ಬಿಟ್ಟುಹೋದವಳಿಗೆ. ಪೂಜೆಗೆ ಕುಳಿತರೆ ಮಂತ್ರ ಅರ್ಧಕ್ಕೇ ತಪ್ಪುವುದು. ಇದು ಶಿವನ ಕರುಣೆ ಎಂದೇ ನಾನು ತಿಳಿಯುತ್ತೇನೆ. ಶಿವನು ಕೈಬಿಟ್ಟವರಿಗೆ ಇಂಥ ಚಡಪಡಿಕೆ ಇರುವುದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ವರ್ತಕ ಆ ಮೆಟ್ಟಿಲು ಹತ್ತಿದ. ಮುದುಕಿ ಮೂಲೆಯಲ್ಲಿ ಮಲಗಿದ್ದಳು. ಸೊಸೆ ಕೌದಿ ಹೊಲಿಯುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ. ಗೆಳೆಯನ ಮಾತು, ತನ್ನ ಭಯ, ಇಲ್ಲದ ಬಾಣಂತನ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಈ ಮಾತನ್ನ ಕಾಗದದಾಗ ಬರದು ಕೊಟ್ಟಿದ್ರ ಆಗತಿತ್ತಲ್ರಿ, ಅಣ್ಣಾರ. ಮನಿ ನಿಮ್ದ ಅಂತ ಹತ್ತು ಮಂದಿ ಮುಂದ ಸಹಿ ಮಾಡಿ ಕೊಡತಿದ್ದೆ. ನೀವು ಅದಕ್ಕ ಒಪ್ಪದಿದ್ರ, ನೆಲದ ಮ್ಯಾಲಿನ ಒಂದು ಕೋಣಿ ಸಿಗೂತನಕ ತಡೀರಿ ಅಂತಿದ್ದೆ. ಬಾಣಂತನ ಅಂದಮ್ಯಾಗ ನಾ ಬಾಯಿ ಹ್ಯಾಂಗ ತೆರೀಲಿ?”

“ಮತ್ತ ಬರ್ರಿ. ಕೋಣಿ ಹಂಗ ಐತಿ.”

“ಅತ್ತಿ ಮೆಟ್ಟಲದಾಗ ಬಿದ್ದು ಮೂರು ವಾರ ಆತ್ರಿ. ಸೊಂಟ ಮುರದೈತಿ. ಎಬ್ಬಿಸಾಕ ಬರೂದಿಲ್ಲ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಪಾದಯ್ಯನಿಗೆ ಸಮಾಧಾನವಾಗಲಿಲ್ಲ.

“ಆದರೆ ಗುರುಗಳೇ, ಮನೆ ಅವನದೇ ಅಲ್ಲವೇ? ಬಿಡಿ ಎಂದು ಕೇಳಿದ್ದು ತಪ್ಪೇ?”

“ಮನೆ ಅವನದು, ಕೇಳಬಹುದಿತ್ತು. ಆದರೆ ಅವಳು ಕೊಡಬೇಕಾಗಿದ್ದ ಉತ್ತರ ಅವಳದು. ಸುಳ್ಳು ಕಾರಣ ಬರೆದು ಅದನ್ನೂ ಯಾಕೆ ಬಿಡಿಸಿಕೊಂಡ?” ಎಂದರು ಗುರುಗಳು.

ಗುರುಪಾದಯ್ಯ ಎದ್ದು ಹೋಗಿ, ಕಾರಣದ ಸಾಲಿನಲ್ಲಿ ಗಿರಣಿಯ ಸದ್ದಿನ ಮಾತನ್ನೇ ಬರೆದ.