ದವಡೆಯ ನೋವು

ಕೃಷ್ಣಾ ನದಿಯ ದಂಡೆಯ ಮೇಲೊಂದು ಆಶ್ರಮ. ಆಸ್ಪತ್ರೆ ಅಲ್ಲಿಂದ ಬಹಳ ದೂರ. ಯಾರದಾದರೂ ಹೃದಯ ಕೈಕೊಟ್ಟರೆ, ಆಂಬುಲೆನ್ಸ್ ಬರುವ ತನಕ ಜೀವ ಹಿಡಿದಿಡುವುದು ಹೇಗೆಂದು ನೀಲಮ್ಮ ಅಲ್ಲಿ ಕಲಿಸುತ್ತಿದ್ದರು. ಮೂವತ್ತು ವರ್ಷ ನರ್ಸ್ ಆಗಿದ್ದವರು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು.

ಮಡಿವಾಳ ಅವರ ಶಿಷ್ಯ. ಎರಡು ವರ್ಷದಿಂದ ಕಲಿಯುತ್ತಿದ್ದ.

ಅಕ್ಕೋರು ಪಕ್ಕದ ಊರಿಗೆ ಹೋಗಿದ್ದ ಒಂದು ಮಧ್ಯಾಹ್ನ, ಆಶ್ರಮದಲ್ಲಿ ರೊಟ್ಟಿ ಬಡಿಯುವ ತಂಗೆವ್ವ ಅವನ ಕೈಯಡಿಯಲ್ಲೇ ಸತ್ತಳು.

ಸಂಜೆ ಅಕ್ಕೋರು ತಿರುಗಿ ಬಂದ ಮೇಲೆ ಅವನು ನದಿಯ ಮೆಟ್ಟಿಲ ಮೇಲೆ ಅವರ ಪಕ್ಕ ಬಂದು ಕೂತ.

"ಎಲ್ಲಾ ನೀವು ಕಲಿಸಿದಂಗ ಮಾಡೀನ್ರಿ. ಬಿದ್ದ ಕೂಡ್ಲೇ ಅಂಗಾತ ಮಲಗಿಸಿ ಎದಿ ಒತ್ತಾಕ ಶುರು ಮಾಡಿದೆ. ಗಾಡಿ ಬರೂತನಕ ಇಪ್ಪತ್ತೆರಡು ನಿಮಿಷ ನಿಲ್ಲಿಸಲಿಲ್ಲ. ಆದ್ರೂ ಯಾಕ ಉಳೀಲಿಲ್ರಿ?"

"ಬೀಳೂಕಿಂತ ಮೊದಲ ಏನಂದ್ಲು?"

ಮಡಿವಾಳ ನೀರಿನ ಕಡೆ ನೋಡಿದ.

"ಮುಂಜಾನಿಂದ ದವಡಿ ಜಗ್ಗತೈತಿ ಅಂದ್ಲು. ಬಾಳ ಸುಸ್ತು ಅಂದ್ಲು."

"ಬೆವತಿದ್ಲಾ?"

"ಹೂಂ ರೀ. ಒಲಿ ಮುಂದ ಕುಂತಾಕಿ, ಅದಕ್ಕ ಅಂತ ತಿಳಕೊಂಡೆ."

"ಮತ್ತೇನಂದ್ಲು?"

"ಇನ್ನೂ ಏನೋ ಹೇಳಾಕತ್ತಿದ್ಲು. ನಾನ ನಡುವ ಬಾಯಿ ಹಾಕಿದೆ. ಗ್ಯಾಸ್ ಆಗಿರಬೇಕು, ಜೀರಿಗಿ ನೀರು ಕುಡದು ಅಡ್ಡಾಗಬೇ ಅಂದೆ. ಅರ್ಧ ತಾಸಿಗೆ ಬಿದ್ಲು."



"ಹೃದಯದ ನೋವು ಯಾವಾಗ್ಲೂ ಎದಿಯಾಗ ಕಾಣಿಸೂದಿಲ್ಲ, ಮಡಿವಾಳ. ಹೆಂಗಸರಿಗಂತೂ ದವಡಿಯಾಗ ಬರತೈತಿ, ಬೆನ್ನಾಗ ಬರತೈತಿ. ಒಮ್ಮೊಮ್ಮೆ ಬರೇ ಸುಸ್ತಾಗಿ ಬರತೈತಿ. ಹೇಳಿದ್ದೆ ನಿನಗ."

ಹೇಳಿದ್ದರು. ಅವನು ಬರೆದುಕೊಂಡೂ ಇದ್ದ.



"ಆಗಲೇ ಗಾಡಿ ಕರಸಿದ್ರ ಉಳೀತಿದ್ಲಾ?"

"ಗೊತ್ತಿಲ್ಲ. ಉಳೀಬಹುದಿತ್ತು."

ಅವನು ಮೊಣಕಾಲಿಗೆ ಮುಖ ಒತ್ತಿ ಅತ್ತ. ಅಕ್ಕೋರು ಸಮಾಧಾನ ಮಾಡಲಿಲ್ಲ. ಅಳು ನಿಂತ ಮೇಲೆ ಹೇಳಿದರು:

"ಅಕಿ ಗಂಡ ಬೈಲಪ್ಪ ಮನ್ಯಾಗ ಅದಾನ. ಹೋಗಿ ಹೇಳು."

"ಏನಂತ ಹೇಳ್ಲಿ?"

"ನನಗ ಹೇಳಿದ್ದನ್ನ."

ಮಡಿವಾಳ ಹೋದ. ತಿರುಗಿ ಬಂದಿದ್ದು ಮರುದಿನ, ಮಣ್ಣು ಕೊಟ್ಟ ಮೇಲೆ.

"ಬೈದನಾ?" ಅಕ್ಕೋರು ಕೇಳಿದರು.

"ಇಲ್ರಿ. ಎಲ್ಲಾ ಕೇಳಿದ. ಆಮ್ಯಾಲೆ, 'ನನಗೂ ಹೇಳಿದ್ಲೋ ತಮ್ಮಾ, ಎದ್ದ ಕೂಡ್ಲೇ ಹೇಳಿದ್ಲು. ಹಲ್ಲು ನೋವಿರಬೇಕು, ಲವಂಗ ಇಟ್ಕೋ ಅಂದೆ' ಅಂದ."

ಮಡಿವಾಳ ತನ್ನ ಅಂಗೈ ನೋಡಿಕೊಂಡ.

"ನನ್ನ ಕೈ ಗಟ್ಟಿ ಹಿಡದಿದ್ದ. 'ಆಗಲೇ ದವಾಖಾನಿಗೆ ಒಯ್ದಿದ್ರ ಉಳೀತಿದ್ಲಾ' ಅಂತ ಕೇಳಿದ."

"ನೀ ಏನಂದಿ?"

"ಇಲ್ಲ ಯಜ್ಜಾ, ಉಳೀತಿರಲಿಲ್ಲ ಅಂದೆ."

ಮಡಿವಾಳ ಅಕ್ಕೋರ ಮುಖ ನೋಡಿದ.

"ನನ್ನ ತಪ್ಪಿನ ಬಗ್ಗೆ ಖರೇ ಹೇಳಿದೆ. ಅವನ ಬಗ್ಗೆ ಸುಳ್ಳು ಹೇಳಿದೆ. ನಂಬಿದನೋ ಇಲ್ಲೋ ಗೊತ್ತಾಗಲಿಲ್ಲ. ನಾ ಮಾಡಿದ್ದು ತಪ್ಪೇನ್ರಿ ಅಕ್ಕೋರ?"

ನೀಲಮ್ಮ ಎದ್ದು ಒಳಗೆ ಹೋದರು. ರಕ್ತದೊತ್ತಡ ನೋಡುವ ಪಟ್ಟಿ ತಂದು ಅವನ ತೊಡೆಯ ಮೇಲಿಟ್ಟರು.

"ಎಪ್ಪತ್ತರ ಮುದುಕ. ಈಗ ಒಬ್ಬನ ಆದ. ದಿನಾ ಮುಂಜಾನೆ ಅವನ ಮನೀಗೆ ಹೋಗು. ಎಲ್ಲಿ ನೋವು ಅಂತ ಕೇಳು. ಅವ ಹೇಳಿ ಮುಗಸೂತನಕ ಎದ್ದು ಬರಬ್ಯಾಡ."